ಜಪಾನಿನ ಶಾಲೆಗಳಲ್ಲಿ ವಿದೇಶೀ ಇಂಗ್ಲಿಷ್ ಅಧ್ಯಾಪಕರ ಉಡುಪು

1868ರಲ್ಲಿ ತೊಕುಗಾವಾ ಶೋಗನರ ಆಳ್ವಿಕೆ ಕೊನೆಗೊಂಡು ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಸ್ಥಾಪಿತವಾದ ಮೇಲೆ, ಜಪಾನು ತನ್ನ ರೈಲು, ಸೈನ್ಯ, ನ್ಯಾಯಾಲಯ ಹಾಗೂ ಶಾಲೆಗಳನ್ನು ಪಾಶ್ಚಾತ್ಯ ಮಾದರಿಯಲ್ಲಿ ಕಟ್ಟಿಕೊಳ್ಳಲು ಹೊರನಾಡಿನ ತಜ್ಞರನ್ನು ಕರೆಸಿಕೊಂಡಿತು. ಓಯಾತೊಯಿ ಗೈಕೊಕುಜಿನ್, ಎಂದರೆ ಸಂಬಳಕ್ಕೆ ನೇಮಿಸಿಕೊಂಡ ವಿದೇಶೀಯರು, ಎಂದು ಹೆಸರಾದ ಈ ವರ್ಗದಲ್ಲಿ ಅಧ್ಯಾಪಕರ ಸ್ಥಿತಿ ಉಳಿದವರದಕ್ಕಿಂತ ಬೇರೆಯಾಗಿತ್ತು. ಎಂಜಿನಿಯರನು ಏನು ತೊಟ್ಟನೆಂಬುದನ್ನು ಸೇತುವೆ ಕೇಳುವುದಿಲ್ಲ. ಅಧ್ಯಾಪಕನಾದರೋ ದಿನವೂ ಗಂಟೆಗಟ್ಟಲೆ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುತ್ತಿದ್ದುದರಿಂದ ಅವನ ಕೋಟು, ಕಾಲರು, ಬೂಟುಗಳೂ ಪಾಠದೊಳಗೇ ಸೇರಿಹೋಗುತ್ತಿದ್ದವು.

1871ರಲ್ಲಿ ಫುಕುಯಿ ಪಟ್ಟಣಕ್ಕೆ ವಿಜ್ಞಾನ ಕಲಿಸಲು ಬಂದ ಅಮೆರಿಕದ ವಿಲಿಯಂ ಎಲಿಯಟ್ ಗ್ರಿಫಿಸ್‌ನ ಮುಂದೆ ಕುಳಿತವರು ಜುಟ್ಟು ಬಿಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಸಮುರಾಯ್ ಮನೆತನದ ಹುಡುಗರು. ಆ ನೋಟ ಬಹುಕಾಲ ಉಳಿಯಲಿಲ್ಲ. ಅದೇ ವರ್ಷ ಜುಟ್ಟು ಕತ್ತರಿಸಿಕೊಳ್ಳಲು ಸರ್ಕಾರದ ಅನುಮತಿ ಸಿಕ್ಕಿತು. 1872ರಲ್ಲಿ ಅಧಿಕಾರಿಗಳ ಸಮಾರಂಭದ ಉಡುಪು ಪಾಶ್ಚಾತ್ಯ ಶೈಲಿಯದಾಯಿತು. 1873ರಲ್ಲಿ ಸ್ವತಃ ಚಕ್ರವರ್ತಿ ಯೂರೋಪಿನ ಮಾದರಿಯ ಸೈನಿಕ ಸಮವಸ್ತ್ರದಲ್ಲಿ ಛಾಯಾಚಿತ್ರ ತೆಗೆಸಿಕೊಂಡನು. 1876ರಲ್ಲಿ ಕತ್ತಿ ಧರಿಸುವುದು ನಿಷಿದ್ಧವಾಯಿತು. 1886ರಲ್ಲಿ ಟೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಿಂತ ಕಾಲರಿನ ಕಪ್ಪು ಸಮವಸ್ತ್ರಕ್ಕೆ ಬಂದರು. ಹೀಗೆ ಕೇವಲ ಹದಿನೈದು ವರ್ಷಗಳಲ್ಲಿ ಮೇಷ್ಟರ ಕೋಟು ಪರದೇಶದ ವಿಚಿತ್ರವಾಗಿದ್ದುದು ಹೋಗಿ ಸರ್ಕಾರಿ ಗೌರವದ ಗುರುತಾಗಿಬಿಟ್ಟಿತು.

ಈ ಬದಲಾವಣೆಯ ನಡುವೆ ಬಂದು ಅದನ್ನು ತಿರುವುಮುರುವಾಗಿ ಅನುಭವಿಸಿದವನು ಲಫ್ಕಾಡಿಯೋ ಹರ್ನ್. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿದ್ದ ಅವನು 1890ರ ಸೆಪ್ಟೆಂಬರಿನಲ್ಲಿ ಮತ್ಸುಯೆ ಎಂಬ ಹಳೆಯ ಕೋಟೆಪಟ್ಟಣದ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ತೊಡಗಿದನು. ಶಾಲೆಗೆ ಪಾಶ್ಚಾತ್ಯ ಉಡುಪಿನಲ್ಲಿ ಹೋಗಿ, ಮನೆಗೆ ಬಂದೊಡನೆ ಕಿಮೊನೊಗೆ ಬದಲಾಯಿಸಿಕೊಳ್ಳುವುದು ಅವನ ರೂಢಿಯಾಗಿತ್ತು. ಪ್ರಾಂತದ ಗವರ್ನರನನ್ನು ಕಾಣಲು ಅವನ ಕಚೇರಿಗೆ ಹೋದಾಗ, ಅಲ್ಲಿದ್ದವರೆಲ್ಲ ರೇಷ್ಮೆಯ ಹಕಾಮಾ, ಎಂದರೆ ನೆರಿಗೆ ಹಿಡಿದ ಅಗಲವಾದ ಕೆಳಉಡುಪು, ಮತ್ತು ಮನೆತನದ ಲಾಂಛನವುಳ್ಳ ಹವೋರಿ, ಎಂದರೆ ಮೇಲಂಗಿ, ತೊಟ್ಟಿದ್ದುದನ್ನು ಕಂಡು ತನ್ನ ಸಾಮಾನ್ಯ ಕೋಟಿನ ಬಗ್ಗೆ ನಾಚಿಕೆಯಾಯಿತೆಂದು ಅವನೇ ಬರೆದುಕೊಂಡಿದ್ದಾನೆ. ಆತಿಥೇಯರು ಆಡಳಿತದ ಕೆಲಸಕ್ಕೆ ಕಲಿಯುತ್ತಿದ್ದ ಉಡುಪು ಯಾವುದೋ ಅದನ್ನೇ ಕಳಚಿಹಾಕಲು ಆ ಅತಿಥಿ ತವಕಿಸುತ್ತಿದ್ದನು. ಗಂಜಿ ಹಾಕಿದ ಕಾಲರು, ಫ್ರಾಕ್ ಕೋಟು ಅವನಿಗೆ ಒಗ್ಗುತ್ತಿರಲಿಲ್ಲ. ಸಮಾರಂಭಗಳಿಗೆ ಅವುಗಳನ್ನು ತೊಡಿಸಲು ಪತ್ನಿ ಸೆತ್ಸು ಬಲವಂತಪಡಿಸಬೇಕಾಗುತ್ತಿತ್ತು. 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಜಪಾನೀ ಪ್ರಜೆಯಾಗಿ, ಅದೇ ವರ್ಷ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕನಾದನು. ಕಾನೂನು ಅವನನ್ನು ಜಪಾನೀಯನೆಂದು ಒಪ್ಪಿತಾದರೂ ವಿದ್ಯಾಸಂಸ್ಥೆಗೆ ಅವನಿಂದ ಬೇಕಾಗಿದ್ದುದು ಪಾಶ್ಚಾತ್ಯನೇ ಎಂದು ಹೇಳಿದರೆ ತಪ್ಪಾಗಲಾರದು.

1903ರಲ್ಲಿ ಹರ್ನ್ ತೆರವು ಮಾಡಿದ ಸ್ಥಾನಕ್ಕೆ ಬಂದವನು ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ನತ್ಸುಮೆ ಸೊಸೆಕಿ. ಅವನ 1906ರ ಕಾದಂಬರಿ ‘ಬೊಚ್ಚಾನ್’ನಲ್ಲಿ ವರ್ಷವಿಡೀ ಕೆಂಪು ಫ್ಲಾನೆಲ್ ಅಂಗಿ ತೊಡುವ ಒಬ್ಬ ಪದವೀಧರ ಉಪಾಧ್ಯಾಯನಿದ್ದು, ಅವನಿಗೆ ‘ಕೆಂಪಂಗಿ’ ಎಂಬ ಅಡ್ಡಹೆಸರೇ ಅಂಟಿದೆ. ವಿದೇಶೀಯನ ಉಡುಪಿಗೆ ಬೆರಗಾಗುತ್ತಿದ್ದ ಶಾಲೆ, ಅದನ್ನು ಅನುಕರಿಸುವ ಸ್ವದೇಶೀಯನನ್ನು ಕಂಡು ನಗುವಷ್ಟರ ಮಟ್ಟಿಗೆ ಮುಂದುವರಿದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮುಂದೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಂಗ್ಲಿಷ್ ಶತ್ರುವಿನ ಭಾಷೆಯಾಯಿತು. 1940ರಲ್ಲಿ ಪುರುಷರಿಗೆ ಖಾಕಿಯ ರಾಷ್ಟ್ರೀಯ ಉಡುಪು ಗೊತ್ತಾಗಿ, ಸೂಟು ಹಿಂದೆ ಸರಿಯಿತು.

ಯುದ್ಧಾನಂತರದ ಆರ್ಥಿಕ ಏಳಿಗೆಯಲ್ಲಿ ಸೂಟು ಮರಳಿದಾಗ ಅದು ಯೂರೋಪಿನದಾಗಿ ಉಳಿದಿರಲಿಲ್ಲ. ಕಚೇರಿಗೆ ಹೋಗುವ ಜಪಾನೀಯನ ನಿತ್ಯದ ಉಡುಪಾಗಿತ್ತು, ಅದಕ್ಕೆ ಜಪಾನಿನದೇ ಕಟ್ಟಳೆಗಳೂ ಬೆಳೆದಿದ್ದವು. 1987ರಲ್ಲಿ ಜೆಟ್ ಎಂಬ ಸರ್ಕಾರಿ ಕಾರ್ಯಕ್ರಮದಡಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಿಂದ ಬಂದ 848 ಯುವಜನರಲ್ಲಿ ಬಹುಪಾಲು ಶಾಲೆಗಳ ಸಹಾಯಕ ಭಾಷಾ ಶಿಕ್ಷಕರಾದಾಗ, ಅವರು ಎದುರಿಸಿದ್ದು ಈ ಕಟ್ಟಳೆಗಳನ್ನೇ. ಬೇಸಿಗೆಯ ಬೆವರಿನಲ್ಲೂ ಮುಖ್ಯೋಪಾಧ್ಯಾಯರನ್ನು ಮೊದಲ ಸಲ ಕಾಣುವಾಗ ಕಡುಬಣ್ಣದ ಸೂಟು ಬೇಕು. ಶಾಲೆಯ ಬಾಗಿಲಲ್ಲಿ ಹೊರಗಿನ ಬೂಟು ಕಳಚಿ, ಒಳಗೆ ಮಾತ್ರ ಬಳಸುವ ಬೇರೆ ಜೊತೆ ಮೆಟ್ಟಿಕೊಳ್ಳಬೇಕು. ಆಟೋಟದ ದಿನ ಟ್ರ್ಯಾಕ್‌ಸೂಟಿನಲ್ಲಿ ಬರಬಹುದು. ಹಚ್ಚೆ ಹಾಕಿಸಿಕೊಂಡವರು ಅದನ್ನು ಮುಚ್ಚಿಕೊಳ್ಳಬೇಕು. ನೂರು ವರ್ಷಗಳ ಹಿಂದೆ ಕೋಟು ತೊಡುವುದನ್ನು ಕಲಿಸುವಂತಿದ್ದ ವಿದೇಶೀಯನು ಈಗ ಅದನ್ನೇ ಆತಿಥೇಯರಿಂದ ಕಲಿಯಬೇಕಾಯಿತು.

ಕಟ್ಟಳೆ ಸಡಿಲವಾದದ್ದೂ ಸರ್ಕಾರದ ಮಾತಿನಿಂದಲೇ. 2005ರ ಬೇಸಿಗೆಯಲ್ಲಿ ವಿದ್ಯುತ್ ಉಳಿಸಲು ಪರಿಸರ ಸಚಿವಾಲಯ ‘ಕೂಲ್ ಬಿಜ್’ ಅಭಿಯಾನ ಹೂಡಿ, ಕಚೇರಿಗಳ ಹವಾನಿಯಂತ್ರಣವನ್ನು 28 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿ ಟೈ ಮತ್ತು ಕೋಟನ್ನು ಬಿಡುವಂತೆ ಕರೆಕೊಟ್ಟಿತು. ಆ ರೂಢಿ ಶಾಲೆಗಳ ಶಿಕ್ಷಕರ ಕೋಣೆಗೂ ಹರಡಿತು. ಆದರೆ ಮಾರ್ಚಿ ತಿಂಗಳ ಬೀಳ್ಕೊಡುಗೆ ಸಮಾರಂಭಕ್ಕೆ ಮತ್ತು ಏಪ್ರಿಲಿನ ಪ್ರವೇಶ ಸಮಾರಂಭಕ್ಕೆ ಈ ಸಡಿಲಿಕೆ ಸಲ್ಲುವುದಿಲ್ಲ. ಆ ದಿನಗಳಲ್ಲಿ ಗಂಡಸರು ಕಪ್ಪು ಸೂಟಿಗೆ ಬಿಳಿ ಟೈ ಕಟ್ಟುವುದುಂಟು, ತರಗತಿಯ ಹೊಣೆ ಹೊತ್ತ ಶಿಕ್ಷಕಿಯರಲ್ಲಿ ಹಲವರು ಹಕಾಮಾ ಉಡುತ್ತಾರೆ. ದೊಡ್ಡ ಅಳತೆಯ ಪಾದರಕ್ಷೆಗಳು ಅಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಈಗಲೂ ಅಲ್ಲಿಗೆ ಕಲಿಸಲು ಹೊರಡುವವರು ಒಂದು ಕಪ್ಪು ಸೂಟಿನ ಜೊತೆಗೆ ಶಾಲೆಯೊಳಗೆ ಮೆಟ್ಟುವ ಒಂದು ಜೊತೆಯನ್ನೂ ಊರಿನಿಂದಲೇ ಒಯ್ಯುವುದು ಲೇಸು.