ತೆಂಗು ಸಂಶೋಧನೆಯ ಸಂವಹನ (ತಿಪಟೂರು ಸೀಮೆ)

ತೆಂಗಿನ ಕುರಿತ ವೈಜ್ಞಾನಿಕ ಶೋಧಗಳನ್ನು ಪತ್ರಿಕೆ, ಆಕಾಶವಾಣಿ, ತೋಟದ ಪ್ರಾತ್ಯಕ್ಷಿಕೆಗಳ ಮೂಲಕ ಜನರಿಗೆ ತಲುಪಿಸುವ ಕೆಲಸ. ಕೊಬ್ಬರಿಯನ್ನೇ ನೆಚ್ಚಿದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಇದನ್ನು ಸಂಶೋಧನೆಯದೇ ಕೊನೆಯ ಹಂತವೆಂದು ಎಣಿಸಬೇಕು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಇಂದಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ), ಬೆಂಗಳೂರು ಕೃಷಿ ವಿಶ್ವವಿದ್ಯಾಲಯ, ತಿಪಟೂರು ತಾಲ್ಲೂಕಿನ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇದರ ನೆಲೆಗಳು.

ಉದಾಹರಣೆಗೆ, ತೆಂಗಿನ ಕಪ್ಪುತಲೆ ಹುಳುವಿನ ಹತೋಟಿಯನ್ನೇ ನೋಡಬಹುದು. ಗರಿಯಡಿ ಗೂಡು ಕಟ್ಟಿ ಹಸಿರನ್ನು ಕೆರೆದು ತಿನ್ನುವ ಈ ಹುಳುವನ್ನು ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕಣಜ ಕೊಲ್ಲುತ್ತದೆ. ಆದರೆ ‘ಕಣಜ ಬಿಡಿ’ ಎಂದಷ್ಟೇ ಹೇಳುವ ಸುದ್ದಿ ಅರ್ಧ ಸತ್ಯ: ಒಬ್ಬರ ತೋಟದಲ್ಲಿ ಬಿಟ್ಟರೆ ಸಾಲದು, ಹುಳುವಿನ ಹಂತ ನೋಡಿ ಬಿಡಬೇಕು, ಫಲಕ್ಕೆ ಕಾಯಬೇಕು, ನಡುವೆ ಕೀಟನಾಶಕ ಸಿಂಪಡಿಸಿದರೆ ಕಣಜವೂ ಸಾಯುತ್ತದೆ. ಸರಳಗೊಳಿಸಿದರೆ ನಿಖರತೆ ಕೆಡುತ್ತದೆಂಬ ಸಂಶೋಧಕರ ಆತಂಕ ಸಹಜವೇ. ಆದರೆ ಅದು ನಿಜವಾಗಿ ಕೆಡುವುದು ಇಂಥ ಷರತ್ತುಗಳು ಮಾತಿನಿಂದ ಜಾರಿದಾಗ. ಷರತ್ತುಗಳನ್ನು ಓದುಗರು ಸಹಿಸರು ಎಂಬ ಪತ್ರಕರ್ತರ ಆಕ್ಷೇಪಕ್ಕೆ 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಉತ್ತರ. ಕೃಷಿಕರ ಕೈಗೇ ಲೇಖನಿ ಕೊಟ್ಟ ಆ ಪತ್ರಿಕೆಯ ಓದುಗರು ಮಣ್ಣು, ನೀರು, ಕೂಲಿ, ಖರ್ಚಿನ ವಿವರಗಳನ್ನೇ ಹುಡುಕಿ ಓದುವವರು.