ಅಕ್ಷರ ಬಾರದವರ ಮತ, ಡಿಗ್ರಿ ಇದ್ದವರ ಮತ

ಒಂದು ಲೆಕ್ಕದಿಂದ ಶುರು ಮಾಡ್ತೀನಿ. 2024ರ ಮೇ 7, ಸುರಪುರ. ಮತಗಟ್ಟೆಗೆ ಹೋದವರು ಅವತ್ತು ಎರಡು ಸಲ ಗುಂಡಿ ಒತ್ತಿದರು. ಒಂದು ರಾಯಚೂರು ಲೋಕಸಭೆಗೆ, ಇನ್ನೊಂದು ಸುರಪುರ ವಿಧಾನಸಭೆಯ ಉಪಚುನಾವಣೆಗೆ. ಶಾಸಕರಾಗಿದ್ದ ರಾಜಾ ವೆಂಕಟಪ್ಪ ನಾಯಕ ಅದೇ ವರ್ಷ ಫೆಬ್ರವರಿ 25ರಂದು ತೀರಿಕೊಂಡಿದ್ದರು. ಆಮೇಲೆ ಜೂನ್ 3 ಬಂತು. ಅದೇ ಸುರಪುರದಲ್ಲಿ, ಶಹಾಪುರದಲ್ಲಿ, ಯಾದಗಿರಿಯಲ್ಲಿ ಮತ್ತೆ ಮತಗಟ್ಟೆ ತೆರೆಯಿತು. ಆದರೆ ಈ ಸಲ ಎಲ್ಲರಿಗೂ ಅಲ್ಲ. ಡಿಗ್ರಿ ಮುಗಿಸಿದವರಿಗೆ ಮಾತ್ರ. ಅದು ಕರ್ನಾಟಕ ಈಶಾನ್ಯ ಪದವೀಧರ ಕ್ಷೇತ್ರದ ಚುನಾವಣೆ.

ಅಂದರೆ ಒಂದು ತಿಂಗಳೊಳಗೆ ಸುರಪುರದ ಪದವೀಧರನಿಗೆ ಮೂರು ಮತ. ಅವನನ್ನು ಓದಿಸಿದ ತಾಯಿಗೆ ಎರಡೇ ಮತ. ಇದು ನ್ಯಾಯವಾ? ಈ ಪ್ರಶ್ನೆಯನ್ನು ಬೇರೆ ಜಿಲ್ಲೆಯಲ್ಲಿ ಕೇಳೋದಕ್ಕಿಂತ ಯಾದಗಿರಿಯಲ್ಲೇ ಕೇಳಬೇಕು. ಯಾಕಂದ್ರೆ 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದ ಜಿಲ್ಲೆ ಇದು. ಶೇಕಡಾ 52ರ ಆಸುಪಾಸು. ರಾಜ್ಯದ ಸರಾಸರಿ 75 ದಾಟಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ನೆಲದಲ್ಲಿ ಮತ ಅನ್ನೋದು ತಡವಾಗಿ ಬಂತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ನಾಲ್ವಡಿ ವೆಂಕಟಪ್ಪ ನಾಯಕರ ಸಂಸ್ಥಾನ ಎರಡೇ ವರ್ಷದಲ್ಲಿ ನಿಜಾಮನ ಪಾಲಾಯಿತು. ಮುಂದೆ ನಿಜಾಮನ ಸರ್ಕಾರ 1939ರಲ್ಲಿ ಸುಧಾರಣೆ ಅಂತ ಒಂದು ಯೋಜನೆ ಪ್ರಕಟಿಸಿತು. ಅದರಲ್ಲಿ ಪ್ರಾತಿನಿಧ್ಯ ಇದ್ದದ್ದು ಊರಿಗಲ್ಲ, ಕಸುಬಿಗೆ, ಹಿತಾಸಕ್ತಿಗೆ. ಜಾಗೀರದಾರರಿಗೊಂದು ಪಾಲು, ವ್ಯಾಪಾರಿಗಳಿಗೊಂದು ಪಾಲು, ವಕೀಲರಿಗೊಂದು ಪಾಲು. ಮನುಷ್ಯ ಅಂತ ಅಲ್ಲ, ನೀನು ಯಾರು, ನಿನ್ನ ಹತ್ತಿರ ಏನಿದೆ ಅಂತ ಕೇಳಿ ಮತ ಕೊಡುವ ಪದ್ಧತಿ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ನಾಲ್ಕೇ ವರ್ಷ. 1952ರಲ್ಲಿ ಹೈದರಾಬಾದ್ ರಾಜ್ಯದ ಮೊದಲ ಸಾರ್ವತ್ರಿಕ ಚುನಾವಣೆ. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು. ಓದು ಬರುವವರನ್ನು ಬೆರಳ ಮೇಲೆ ಎಣಿಸಬೇಕಾದ ಹಳ್ಳಿಗಳು. ಅಲ್ಲಿ ಮತ ಹಾಕೋದು ಹೇಗೆ? ಚುನಾವಣಾ ಆಯೋಗ ಒಂದು ಸರಳ ದಾರಿ ಹುಡುಕಿತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ. ಜೋಡೆತ್ತು ನೋಡಿದರೆ ಕಾಂಗ್ರೆಸ್ ಅಂತ ರೈತನಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬಂದ. ಅವತ್ತು ಗೌಡರ ಮತಕ್ಕೂ ಅವರ ಹೊಲದ ಆಳಿನ ಮತಕ್ಕೂ ಒಂದೇ ಬೆಲೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹೈದರಾಬಾದ್ ರಾಜ್ಯಕ್ಕೆ ವಿಧಾನ ಪರಿಷತ್ತೇ ಇರಲಿಲ್ಲ. ಮೈಸೂರಿಗೆ 1907ರಿಂದಲೇ ಮೇಲ್ಮನೆ ಇತ್ತು. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಬಂದು ಸೇರಿದ ಮೇಲೆಯೇ ಈ ಭಾಗದ ಪದವೀಧರನಿಗೆ ಎರಡನೇ ಮತ ಸಿಕ್ಕಿದ್ದು. ಸಂವಿಧಾನದ 171ನೇ ವಿಧಿಯ ಪ್ರಕಾರ ಪರಿಷತ್ತಿನ ಹನ್ನೆರಡನೇ ಒಂದು ಭಾಗ ಪದವೀಧರರಿಂದ ಬರಬೇಕು. ಇವತ್ತಿನ 75 ಸ್ಥಾನಗಳಲ್ಲಿ ಅದು 7. ಈ ಕಲ್ಪನೆಯ ಬೇರು ಇಂಗ್ಲೆಂಡಿನದು. ಅಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪದವೀಧರರಿಗೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಸ್ಥಾನಗಳಿದ್ದವು. ಒಬ್ಬನಿಗೆ ಎರಡು ಮತ ಬೇಡ ಅಂತ ಅವರೇ 1948ರಲ್ಲಿ ಕಾನೂನು ಮಾಡಿ ಅದನ್ನು ತೆಗೆದುಹಾಕಿದರು. ನಾವು ಉಳಿಸಿಕೊಂಡೆವು.

ಉಳಿಸಿಕೊಂಡಿದ್ದಕ್ಕೆ ಒಂದು ನಂಬಿಕೆ ಕಾರಣ: ಓದಿದವನು ಯೋಚಿಸಿ ಮತ ಹಾಕ್ತಾನೆ, ಓದದವನು ಯಾರೋ ಹೇಳಿದಂತೆ ಹಾಕ್ತಾನೆ. ಹಾಗಾದರೆ ಯಾದಗಿರಿ ಜಿಲ್ಲೆಯ ಓದು ಬಾರದ ಮತದಾರ ಏನು ಮಾಡಿದ್ದಾನೆ ನೋಡೋಣ ಬನ್ನಿ.

ಸುರಪುರ ತಗೊಳ್ಳಿ. 1994ರಲ್ಲಿ ರಾಜಾ ವೆಂಕಟಪ್ಪ ನಾಯಕರು ಗೆದ್ದಿದ್ದು ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ. 1999ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಗೆದ್ದರು. 2004ರಲ್ಲಿ ವಿಜಯ ಸಂಕೇಶ್ವರರ ಕನ್ನಡನಾಡು ಪಕ್ಷ ರಾಜ್ಯದಲ್ಲಿ ಗೆದ್ದದ್ದು ಒಂದೇ ಒಂದು ಸ್ಥಾನ. ಯಾವುದದು? ಸುರಪುರ! ಗೆದ್ದವರು ನರಸಿಂಹ ನಾಯಕ, ಅಂದರೆ ರಾಜೂಗೌಡ. 2008ರಲ್ಲಿ ಅವರೇ ಬಿಜೆಪಿಯಿಂದ ಗೆದ್ದರು. 2013 ವೆಂಕಟಪ್ಪ ನಾಯಕ, 2018 ರಾಜೂಗೌಡ, 2023 ಮತ್ತೆ ವೆಂಕಟಪ್ಪ ನಾಯಕ. 2024ರ ಉಪಚುನಾವಣೆಯಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ.

ಶಹಾಪುರ? 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಇಡೀ ರಾಜ್ಯದಲ್ಲಿ ಆರು ಸ್ಥಾನಕ್ಕೆ ನಿಂತುಹೋಯಿತು. ಆ ಆರರಲ್ಲಿ ಒಂದು ಶಹಾಪುರ, ಗುರು ಪಾಟೀಲ ಶಿರವಾಳ ಗೆದ್ದಿದ್ದರು. 2018ರಲ್ಲಿ ಕಾಂಗ್ರೆಸ್ಸಿನ ಶರಣಬಸಪ್ಪಗೌಡ ದರ್ಶನಾಪುರ ಕ್ಷೇತ್ರ ವಾಪಸ್ ಪಡೆದರು. ಅದೇ 2018ರಲ್ಲಿ ಯಾದಗಿರಿ ಮತ್ತು ಸುರಪುರ ಬಿಜೆಪಿಗೆ, ಗುರುಮಠಕಲ್ ಜೆಡಿಎಸ್‌ಗೆ. ನಾಲ್ಕು ಕ್ಷೇತ್ರ, ಮೂರು ಪಕ್ಷ. ಮಲ್ಲಿಕಾರ್ಜುನ ಖರ್ಗೆಯವರನ್ನು 1972ರಿಂದ ಸತತ ಎಂಟು ಸಲ ಗೆಲ್ಲಿಸಿದ್ದೂ ಗುರುಮಠಕಲ್ಲೇ ಅನ್ನೋದು ನೆನಪಿರಲಿ.

ಇದು ಕುರಿಮಂದೆಯ ಮತ ಅಲ್ಲ. ರಾಜ್ಯದಲ್ಲಿ ಬೀಸುವ ಗಾಳಿಗೆ ತೂರಿಕೊಳ್ಳುವ ಮತವೂ ಅಲ್ಲ. ಈ ಜನ ಆಳನ್ನು ನೋಡ್ತಾರೆ, ಆಮೇಲೆ ಚಿಹ್ನೆ ನೋಡ್ತಾರೆ. ಕಷ್ಟಕ್ಕೆ ಬಾಗಿಲು ತೆಗೆಯುವವರು ಯಾರು, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕೊನೆಯ ಹೊಲದ ತನಕ ಬಂತಾ ಇಲ್ಲವಾ, ಬೆಂಗಳೂರಿಗೆ ಗುಳೆ ಹೋದವರ ಮನೆಯ ಮುದುಕರನ್ನು ಯಾರು ಕೇಳಿದರು, ಇದೆಲ್ಲ ಆ ಮತದಲ್ಲಿ ಇರುತ್ತೆ.

ಮತ್ತೆ ಆ ಮತಕ್ಕೆ ಅಪಾಯವೂ ಇದೆ. ವಿಧಾನಸಭೆಯ ಫಲಿತಾಂಶ ಮತಗಟ್ಟೆವಾರು ಹೊರಬರುತ್ತೆ. ಯಾವ ಹಳ್ಳಿಯ ಬೂತಿನಲ್ಲಿ ಯಾರಿಗೆ ಎಷ್ಟು ಅಂತ ಗೆದ್ದವರಿಗೂ ಗೊತ್ತು, ಸೋತವರಿಗೂ ಗೊತ್ತು. ನಮ್ಮ ಊರು ಯಾರ ಕಡೆ ವಾಲಿತು ಅಂತ ಮುಂದಿನ ಐದು ವರ್ಷ ರಸ್ತೆ, ಬೋರ್‌ವೆಲ್, ಮನೆ ಮಂಜೂರಾತಿ ಎಲ್ಲದರಲ್ಲೂ ಭಯ. ಆ ಭಯ ಇಟ್ಟುಕೊಂಡೇ ಸುರಪುರದವರು 2013ರಿಂದ 2023ರ ತನಕ ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲೂ ಶಾಸಕರನ್ನು ಬದಲಿಸಿದ್ದಾರೆ ಅನ್ನೋದನ್ನು ಮರೀಬೇಡಿ.

ಈಗ ಪದವೀಧರರ ಕಡೆ ಬನ್ನಿ. ಜೂನ್ 3ರ ಮತದಲ್ಲಿ ಸುರಪುರದ ಪದವೀಧರರು ಯಾರ ಕಡೆ ನಿಂತರು? ಯಾರಿಗೂ ಹೇಳೋಕೆ ಆಗಲ್ಲ. ಬೀದರಿನಿಂದ ಬಳ್ಳಾರಿಯವರೆಗಿನ ಮತಪತ್ರಗಳನ್ನೆಲ್ಲ ಕಲಬುರಗಿಯಲ್ಲಿ ಒಟ್ಟಿಗೆ ಬೆರೆಸಿ, ಕಟ್ಟು ಕಟ್ಟಿ ಎಣಿಸುತ್ತಾರೆ. ಒಟ್ಟು ಫಲಿತಾಂಶ ಗೊತ್ತು. ಕಾಂಗ್ರೆಸ್ಸಿನ ಡಾ. ಚಂದ್ರಶೇಖರ ಪಾಟೀಲ ಎರಡನೇ ಸಲ ಗೆದ್ದರು, ಬಿಜೆಪಿಯ ಅಮರನಾಥ ಪಾಟೀಲ ಸೋತರು. ಆದರೆ ಪದವೀಧರನ ಮತ ಆ ರಾಶಿಯೊಳಗೆ ಸುರಕ್ಷಿತ. ಯಾವ ಹೆದರಿಕೆಯೂ ಇಲ್ಲದ ಮತ ಅದು.

ಅಂಥ ಮತವನ್ನು ಏನು ಮಾಡ್ತಾರೆ? ಮೊದಲನೆಯದು, ಹೆಸರೇ ನೋಂದಾಯಿಸಲ್ಲ. ಪದವೀಧರ ಕ್ಷೇತ್ರಕ್ಕೆ ಪ್ರತಿ ಸಲ ಹೊಸದಾಗಿ ನಮೂನೆ 18 ತುಂಬಬೇಕು. ಹಳೆಯ ಪಟ್ಟಿ ನಡೆಯಲ್ಲ. ಬಹಳಷ್ಟು ಜನಕ್ಕೆ ಅಭ್ಯರ್ಥಿಗಳ ಕಡೆಯವರೇ ಅರ್ಜಿ ತಂದು ತುಂಬಿಸಿಕೊಂಡು ಹೋಗಬೇಕು. ಎರಡನೆಯದು, ಅಲ್ಲಿ ಯಂತ್ರ ಇಲ್ಲ, ಚಿಹ್ನೆಯೂ ಇಲ್ಲ. ಹೆಸರಿನ ಮುಂದೆ ಆಯೋಗ ಕೊಟ್ಟ ಪೆನ್ನಿನಲ್ಲೇ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು, ಕನ್ನಡ ಅಂಕಿಯಾದರೂ ನಡೆಯುತ್ತೆ. ಟಿಕ್ ಹಾಕಿದರೆ ರದ್ದು. ಸಹಿ ಮಾಡಿದರೆ ರದ್ದು. ಒಂದು ಅಂಕಿ ಬರೆಯೋದು, ಅಷ್ಟೇ! ಆದರೂ ಪ್ರತಿ ಎಣಿಕೆಯಲ್ಲಿ ತಿರಸ್ಕೃತ ಮತಗಳ ಕಟ್ಟು ಕಟ್ಟೇ ಸಿಗುತ್ತೆ. 1952ರಲ್ಲಿ ಅಕ್ಷರ ಗೊತ್ತಿಲ್ಲದ ರೈತ ಸರಿಯಾದ ಪೆಟ್ಟಿಗೆ ಹುಡುಕಿದ್ದ. ಡಿಗ್ರಿ ಮಾಡಿದವರಿಗೆ ಒಂದು ಅಂಕಿ ಬರೆಯೋಕೆ ಆಗಲಿಲ್ಲವಾ?

ಹಾಗಂತ ಹಳ್ಳಿಯ ಮತದಾರನನ್ನು ದೇವರು ಮಾಡೋದೂ ಬೇಡ. ಮೂವತ್ತು ವರ್ಷದಲ್ಲಿ ಸುರಪುರ ಪಕ್ಷಗಳನ್ನು ಬದಲಿಸಿತು, ಆದರೆ ಎರಡು ಮನೆ ಬಿಟ್ಟು ಆಚೆ ಹೋಗಲಿಲ್ಲ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 371(ಜೆ) ಬಂತು. ಗುಳೆ ನಿಂತಿಲ್ಲ. ಶಾಸಕ ಬದಲಾದರೆ ಸಾಲದು ಅನ್ನೋ ಪಾಠವೂ ಇದರಲ್ಲೇ ಇದೆ.

ಆ ಪಾಠವನ್ನು ಮುಂದಕ್ಕೆ ಒಯ್ಯಬೇಕಾದವರು ಯಾರು? ಓದಿದವರೇ. ಒಂದು ಕಾಲಕ್ಕೆ ಡಿಗ್ರಿಗಾಗಿ ಈ ಭಾಗದ ಹುಡುಗರು ಹೈದರಾಬಾದಿನ ಉಸ್ಮಾನಿಯಾ ಕಡೆ, ಆಮೇಲೆ ಧಾರವಾಡದ ಕಡೆ ಮುಖ ಮಾಡಬೇಕಿತ್ತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು. ಈಗ ಯಾದಗಿರಿ ಜಿಲ್ಲೆಯ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಡಿಗ್ರಿ ಮನೆ ಬಾಗಿಲಿಗೆ ಬಂದಿದೆ. ಅದರ ಜೊತೆ ಬಂದ ಆ ಹೆಚ್ಚಿನ ಮತ ನಿಮ್ಮ ಸ್ವಂತ ಆಸ್ತಿಯಲ್ಲ. ಮತಗಟ್ಟೆಯಲ್ಲಿ ಅವತ್ತು ಬಾಗಿಲು ತೆರೆಯದೇ ಇದ್ದ ನಿಮ್ಮ ಅವ್ವನ ಪಾಲು ಅದರಲ್ಲಿದೆ. ಖಾಲಿ ಹುದ್ದೆ ಎಷ್ಟು, ಶಾಲೆಗೆ ಮೇಷ್ಟ್ರು ಯಾಕೆ ಇಲ್ಲ, 371(ಜೆ) ನೇಮಕಾತಿ ಎಲ್ಲಿಗೆ ಬಂತು ಅಂತ ನಿಮ್ಮ ಪರಿಷತ್ ಸದಸ್ಯರನ್ನು ಅವಳ ಪರವಾಗಿ ನೀವು ಕೇಳಬೇಕು. ಕೇಳೋಕೆ ಆಗಲ್ಲ ಅಂದರೆ, ಇಂಗ್ಲೆಂಡಿನವರ ಹಾಗೆ ಆ ಮತವನ್ನು ವಾಪಸ್ ಕೊಟ್ಟುಬಿಡೋದೇ ಮರ್ಯಾದೆ.