ಈಜು ಕಲಿಸಿದ ಬಾವಿಗಳು

ರಾಯಚೂರು ಸೀಮೆಯ ಬೇಸಗೆಯನ್ನು ಅನುಭವಿಸಿದವರಿಗೆ ಅದರ ವರ್ಣನೆ ಬೇಕಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿಯನ್ನು ದಾಟಿರುತ್ತದೆ. 1970ರ ಆಸುಪಾಸಿನಲ್ಲಿ ಅಂಥ ಮಧ್ಯಾಹ್ನಗಳಂದು ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಹುಡುಗರು ಸಿಗುತ್ತಿದ್ದುದು ಒಂದೇ ಕಡೆ, ಊರ ಹೊರಗಿನ ಮೆಟ್ಟಿಲು ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿತವರು ನಾವು. ಬುರುಡೆ ಬಿಚ್ಚುವ ದಿನವನ್ನು ನಿರ್ಧರಿಸುತ್ತಿದ್ದವರು ನಮ್ಮ ಸೋದರಮಾವ. ನನ್ನ ಅಕ್ಕ ಮಾತ್ರ ದಂಡೆಯ ಮೇಲೆ ಕುಳಿತು ನಮ್ಮ ಬಟ್ಟೆ ಕಾಯುತ್ತಿದ್ದಳು. ಅವಳಿಗೇಕೆ ಕಲಿಸಲಿಲ್ಲವೆಂದು ಆಗ ಯಾರೂ ಕೇಳಲಿಲ್ಲ.

ಆ ಬಾವಿಯಲ್ಲಿ ನಮಗೊಂದು ಸೋಜಿಗವಿತ್ತು. ಮೇ ತಿಂಗಳಲ್ಲಿ ಧುಮುಕಿದರೆ ಮೈ ಜುಮ್ಮೆನ್ನುವಷ್ಟು ತಂಪು. ಡಿಸೆಂಬರಿನ ಮುಂಜಾವಿನಲ್ಲಿ ಅದೇ ನೀರು ಬೆಚ್ಚಗೆ, ಮೇಲೆ ತೆಳುವಾದ ಹಬೆ. ಭೂಮಿತಾಯಿ ಚಳಿಗಾಲದಲ್ಲಿ ಮಕ್ಕಳಿಗಾಗಿ ನೀರು ಕಾಯಿಸುತ್ತಾಳೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಮುಂದೆ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವಾಗ ಈ ಸೋಜಿಗವನ್ನೇ ಪಾಠ ಮಾಡಿಕೊಂಡೆ. ನೆಲದೊಳಗೆ ಸುಮಾರು ಹತ್ತು ಮೀಟರ್ ಇಳಿದರೆ ಋತುಮಾನದ ಏರಿಳಿತ ಬಹುಮಟ್ಟಿಗೆ ತಲುಪುವುದಿಲ್ಲ. ಅಲ್ಲಿನ ಉಷ್ಣತೆ ಆ ಪ್ರದೇಶದ ವಾರ್ಷಿಕ ಸರಾಸರಿಯ ಹತ್ತಿರವೇ ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ಅದು 27 ಡಿಗ್ರಿಯ ಆಸುಪಾಸು. ಒರತೆಯ ನೀರು ಮೇಲಕ್ಕೆ ತರುವುದು ಅದೇ ಉಷ್ಣತೆಯನ್ನು. ಬದಲಾಗುವುದು ಹೊರಗಿನ ಗಾಳಿ ಮತ್ತು ನಮ್ಮ ಚರ್ಮ. 17ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್, ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದು ಕೈಗೆ ಬೆಚ್ಚಗೆ ತೋರಬಲ್ಲದೆಂದು ಬರೆದಿದ್ದ. ಮೂರು ಬೋಗುಣಿಗಳನ್ನಿಟ್ಟು ನಾನು ಅದನ್ನು ಮಕ್ಕಳಿಗೆ ಮಾಡಿ ತೋರಿಸುತ್ತಿದ್ದೆ.

ಫಿನ್‌ಲ್ಯಾಂಡಿನಂಥ ಉತ್ತರದ ದೇಶಗಳ ಕಾಡಿನ ಸರೋವರಗಳ ಕಥೆಯೇ ಬೇರೆ. ಚಳಿಗಾಲದಲ್ಲಿ ಅವುಗಳ ಮೇಲ್ಮೈ ಹೆಪ್ಪುಗಟ್ಟುತ್ತದೆ. 4 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಅತ್ಯಧಿಕವಾದ್ದರಿಂದ ಆ ನೀರು ತಳ ಸೇರಿ ಮೀನುಗಳನ್ನು ಉಳಿಸುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಹಠಾತ್ತನೆ ಬಿದ್ದವನ ಉಸಿರು ಹಿಡಿತ ತಪ್ಪಬಹುದು. ಆದ್ದರಿಂದ ಅಲ್ಲಿಯವರು ಈಜುವ ಮುನ್ನ ನೀರಿನ ಉಷ್ಣತೆ ವಿಚಾರಿಸುತ್ತಾರೆ. ನಮಗೆ ಆ ಚಿಂತೆಯಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ಈಜುಕೊಳದ ನೀರು 25ರಿಂದ 28 ಡಿಗ್ರಿ ಇರಬೇಕೆಂಬ ನಿಯಮವಿದೆ. ನಮ್ಮ ಬಾವಿ ಯಾವ ಯಂತ್ರವೂ ಇಲ್ಲದೆ ವರ್ಷವಿಡೀ ಅದನ್ನು ಪಾಲಿಸುತ್ತಿತ್ತು!

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ದೋಆಬ್ ಪ್ರದೇಶದಲ್ಲಿ ಈಜು ಬರಿಯ ಆಟವಾಗಿರಲಿಲ್ಲ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನೆದುರು ಸೋತು ಹಿಮ್ಮೆಟ್ಟಿದ ಇಸ್ಮಾಯಿಲ್ ಆದಿಲ್ ಷಾನ ಸೈನಿಕರು ಅನೇಕರು ಕೃಷ್ಣೆಯ ಪಾಲಾದುದನ್ನು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ದಾಖಲಿಸಿದ್ದಾನೆ. ಬಾವಿಯ ಪುಣ್ಯವೂ ಇಲ್ಲಿ ಹಳೆಯ ಮಾತು. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನ ಅಶೋಕನ ಹೆಸರನ್ನು ಜಗತ್ತಿಗೆ ಖಚಿತಪಡಿಸಿತು. ಅದೇ ಅಶೋಕ ದಾರಿಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಬಾವಿ ತೋಡಿಸಿದ್ದಾಗಿ ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ.

ಆ ಬಾವಿಗಳು ಕಣ್ಮರೆಯಾದ ಬಗೆ ವಿಚಿತ್ರವಾದುದು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಎರೆಭೂಮಿಯನ್ನು ಭತ್ತದ ಗದ್ದೆಯಾಗಿಸಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ತಲೆಯೆತ್ತಿದವು. ಕಾಲುವೆಯ ನೀರು ಬಂದ ಮೇಲೆ ಬಾವಿ ಯಾರಿಗೆ ಬೇಕು? ಕೆಲವೆಡೆ ನೆಲ ಜವುಳಾಗಿ ನೀರೇ ಉಪ್ಪಾಯಿತು. ಇತ್ತ ಕಾಲುವೆ ತಲುಪದ ಲಿಂಗಸುಗೂರು ಭಾಗದ ಹಳ್ಳಿಗಳಲ್ಲಿ ಕೊಳವೆಬಾವಿಗಳು ಆಳಕ್ಕಿಳಿದಂತೆ ತೆರೆದ ಬಾವಿಗಳು ಬತ್ತಿದವು. ಒಂದೆಡೆ ನೀರು ಹೆಚ್ಚಾಗಿ, ಇನ್ನೊಂದೆಡೆ ಕಡಿಮೆಯಾಗಿ, ಬಾವಿಗಳು ಎರಡೂ ಕಡೆ ಕಸದ ಗುಂಡಿಗಳಾದವು. ಅವುಗಳೊಂದಿಗೆ ಸೋರೆಬುರುಡೆಯೂ ಸೋದರಮಾವನೂ ಹೋದರು.

ನೀರಿನ ಸೆಳೆತ ಮಾತ್ರ ಹೋಗಲಿಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬಿ ಕಾಲುವೆ ಹರಿಯತೊಡಗಿದರೆ ಮಕ್ಕಳು ಅಲ್ಲಿಗೆ ಓಡುತ್ತಾರೆ. ಕಾಲುವೆ ಬಾವಿಯಲ್ಲ. ಅದರ ಇಳಿಜಾರು ಗೋಡೆಗೆ ಪಾಚಿ ಕಟ್ಟಿರುತ್ತದೆ. ಕೈಗೆ ಹಿಡಿತವಿಲ್ಲ, ಎಲ್ಲೆಡೆ ಮೆಟ್ಟಿಲಿಲ್ಲ. ಮೇಲೆ ಶಾಂತವಾಗಿ ಕಾಣುವ ನೀರು ಒಳಗೆ ಎಳೆದೊಯ್ಯುತ್ತದೆ. ನೀರು ಬೆಚ್ಚಗಿದ್ದ ಮಾತ್ರಕ್ಕೆ ಅದು ಸುರಕ್ಷಿತವಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೂರು ಬೋಗುಣಿಗಳ ಪ್ರಯೋಗದ ದಿನ ಎರಡೂ ಕೈಗಳನ್ನು ನಡುವಿನ ನೀರಿಗಿಳಿಸಿ, "ಸರ್, ನನ್ನ ಕೈಗಳೆರಡೂ ಸುಳ್ಳು ಹೇಳ್ತಾವ್ರೀ!" ಎಂದು ಇಡೀ ತರಗತಿಯನ್ನು ನಗಿಸಿದ್ದ. ಮುಂದಿನ ಮಳೆಗಾಲದ ಒಂದು ಭಾನುವಾರ ಗೆಳೆಯನ ಚಪ್ಪಲಿ ಹಿಡಿಯಲು ಕಾಲುವೆಗೆ ಬಾಗಿದವನು ಮರಳಿ ಬರಲಿಲ್ಲ. ಅವನ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸಾಲ್ಯಾಗ ಎಲ್ಲಾ ಕಲಿಸಿದ್ರಿ, ಸರ್. ಈಸಾದು ಕಲಿಸಲಿಲ್ಲೇನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ನೀರಿನ ಹತ್ತಿರ ಹೋಗಬೇಡಿರೆಂದು ಪ್ರಾರ್ಥನೆಯ ವೇಳೆ ಎಚ್ಚರಿಸುತ್ತಿದ್ದವನು ನಾನೇ. ಈಜು ಬಲ್ಲವನಾಗಿಯೂ ನಿಷೇಧವನ್ನಷ್ಟೇ ಕಲಿಸಿದೆ.

2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಘೋಷಿಸಿತು. ನಮ್ಮ ಕಾಲುವೆಗಳಿಗೆ ನೀರು ಬಿಡುವ ಕಾಲವೂ ಹೆಚ್ಚುಕಡಿಮೆ ಅದೇ. ಊರಿಗೊಂದು ಬಾವಿಯ ಹೂಳು ತೆಗೆಸಿ, ಮೆಟ್ಟಿಲು ಸರಿಪಡಿಸಿ, ಬಲ್ಲ ಹಿರಿಯರೊಬ್ಬರನ್ನು ದಂಡೆಯ ಮೇಲೆ ನಿಲ್ಲಿಸಿದರೆ ಬೇಸಗೆಯ ರಜೆಯಲ್ಲಿ ಎಷ್ಟೋ ಮಕ್ಕಳು ಈಜು ಕಲಿತಾರು. ಹೆಣ್ಣುಮಕ್ಕಳೂ ಕಲಿಯಲಿ, ಬಟ್ಟೆ ಕಾಯಲು ನಮ್ಮಂಥ ನಿವೃತ್ತರಿದ್ದೇವೆ.

ಕಳೆದ ಬೇಸಗೆಯಲ್ಲಿ ನನ್ನ ಮೊಮ್ಮಗಳಿಗೆ ಸೋರೆಬುರುಡೆ ಕಟ್ಟಿ ಪರಿಚಿತರ ತೋಟದ ಬಾವಿಗಿಳಿಸಿದೆ. "ತಾತಾ, ಥಂಡಿ!" ಎಂದು ಕಿರುಚಿದಳು. ಡಿಸೆಂಬರಿನಲ್ಲಿ ಮತ್ತೆ ಕರೆತರುತ್ತೇನೆಂದು ಮಾತು ಕೊಟ್ಟಿದ್ದೇನೆ.